ಮಾಳವ್ವನ ಹೊಲಕ್ಕಿಳಿದ ಪೈಲಟ್ ಸಾಬರು

ಪೈಲಟ್ ಸಾಬರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವನು ನಾರಾಯಣಖೇಡದಲ್ಲಿ ನೆಲೆಸಿರುವ ಶರಣಪ್ಪ. ಈಗ ನಿವೃತ್ತ ಹೆಡ್‌ಮಾಸ್ತರ, ನನಗಿಂತ ನಾಲ್ಕಾರು ವರ್ಷ ಚಿಕ್ಕವನು. ತಾಂಡೂರಿನ ನಮ್ಮ ಮನೆಗೆ ಫೋನ್ ಮಾಡಿ, “ಅಣ್ಣಾ, ಸಾಬ ಹೋಗ್ಯಾರಂತ್ರಿ. ಊಟ ಮಾಡಿ ಮಲಗಿದವರು ಏಳಲಿಲ್ಲಂತ” ಎಂದ. ಆಮೇಲೆ ಅವನೇ, “ಊಟಕ್ಕ ಏನಿತ್ತಂತ ಕೇಳೋದು ಮರತೆ ನೋಡ್ರಿ” ಎಂದ. ನನಗೆ ನಗು ತಡೆಯಲಾಗಲಿಲ್ಲ. ಆ ಕಡೆ ಅವನೂ ನಗುತ್ತಿದ್ದ. ಸಾವಿನ ಸುದ್ದಿ ಹೇಳುತ್ತ ಇಬ್ಬರು ಮುದುಕರು ನಗುವುದನ್ನು ಕೇಳಿ ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು ನೋಡಿಹೋದಳು.

ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಆ ಹೆಸರಿನಿಂದ ನಾವು ಯಾರೂ ಅವರನ್ನು ಕರೆದವರಲ್ಲ. ಪೈಲಟ್ ಸಾಬ, ಅಷ್ಟೇ. ಇಲ್ಲಿಯೂ ಹಾಗೇ ಇರಲಿ.

ಅದು ಮೊದಲನೇ ತೆಲಂಗಾಣ ಚಳವಳಿಯ ವರ್ಷ, ಆಂಧ್ರದಿಂದ ಬೇರೆಯಾದ ರಾಜ್ಯ ಬೇಕೆಂದು ಹುಡುಗರು ಬೀದಿಗಿಳಿದಿದ್ದರು. ನಾನು ಬಶೀರಾಬಾದ್‌ನವನು, ಹೊಸದಾಗಿ ಗ್ರಾಮಸೇವಕನ ಕೆಲಸ ಸಿಕ್ಕಿ ಜಹೀರಾಬಾದ್ ಕಡೆಯ ಒಂದು ಕನ್ನಡ ಮಾತಿನ ಊರಿಗೆ ಬಂದಿದ್ದೆ. ಆ ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿಗೆಲ್ಲ ಕಂಬಳಿಹುಳ ಬಿದ್ದಿತು. ಒಂದು ಹೊಲ ತಿಂದು ಮುಗಿಸಿ, ದಾರಿ ದಾಟಿ, ಇನ್ನೊಂದು ಹೊಲಕ್ಕೆ ಸಾಲುಹಿಡಿದು ಹೋಗುತ್ತಿದ್ದವು. ವಿಮಾನದಿಂದ ಔಷಧ ಹೊಡೆಸುವುದೆಂದು ಸರಕಾರ ನಿಶ್ಚಯ ಮಾಡಿತು. ಊರ ಮೇಲಿನ ಕೆಂಪು ಮೊರಂ ಮಣ್ಣಿನ ದಿಣ್ಣೆಯನ್ನು ಸವರಿ, ವಿಮಾನ ಓಡುವಷ್ಟು ಜಾಗ ಮಾಡಿದರು. ನೀರು ತರಿಸುವುದು, ಔಷಧ ಕಲಸಿಸುವುದು, ಯಾವ ಹೊಲದ ಮೇಲೆ ಹಾರಬೇಕೆಂದು ತೋರಿಸಲು ಬದುವಿನಲ್ಲಿ ಬಿಳಿ ಬಾವುಟ ಹಿಡಿಸುವುದು ನನ್ನ ಕೆಲಸ.

ವಿಮಾನ ಹಾರಿಸುವವನೆಂದರೆ ಎತ್ತರದ ಆಳು, ಕಪ್ಪು ಕನ್ನಡಕ, ಯಾರೊಂದಿಗೂ ಮಾತಾಡದ ಮನುಷ್ಯ ಎಂದೆಲ್ಲ ನಾನು ಅಂದುಕೊಂಡಿದ್ದೆ. ಹಳದಿ ವಿಮಾನ ಬಂದು ದಿಣ್ಣೆಯ ಮೇಲೆ ನಿಂತಿತು. ಅದರ ಒಂಟಿ ಕುರ್ಚಿಯಿಂದ ಗಿಡ್ಡನೆಯ, ದುಂಡುಮುಖದ, ಹೊಟ್ಟೆಯಿದ್ದ ಒಬ್ಬರು ಹಿಂದುಮುಂದಾಗಿ ಇಳಿದರು. ಇಳಿದವರೇ ಕುರ್ಚಿಯ ಹಿಂದಿನಿಂದ ಕೊಡೆ ತೆಗೆದು ಬಿಚ್ಚಿದರು. ಹನಿ ಬೀಳುತ್ತಿತ್ತು, ನಿಜ. ಆದರೂ ಆಕಾಶದಿಂದ ಬಂದವರು ಕೊಡೆ ಹಿಡಿದು ನಿಂತದ್ದನ್ನು ಕಂಡು ಸುತ್ತ ಸೇರಿದ್ದ ಜನ ಘೊಳ್ಳೆಂದು ನಕ್ಕರು. ಅವರೂ ನಕ್ಕರು. “ಜ್ವರ ಬಂದರೆ ನೋಡೋರಿಲ್ಲ ರೀ” ಎಂದರು. ಅದಾದ ಮೇಲೆ ಕೇಳಿದ್ದು, ಊಟಕ್ಕೆ ಏನಿದೆ ಎಂದು.

ಅವರು ಕರಾವಳಿ ಆಂಧ್ರದವರು. ಬೆಂಗಳೂರಿನಲ್ಲಿ ಒಂದಷ್ಟು ವರ್ಷ ಇದ್ದು ಕನ್ನಡ ಕಲಿತಿದ್ದರು. ನಮ್ಮ ಕಡೆ ಮರ್ಯಾದೆಗೆ ‘ರೀ’ ಸೇರಿಸುತ್ತಾರೆಂದು ಯಾರೋ ಹೇಳಿಕೊಟ್ಟಿದ್ದರಂತೆ. ಯಾರಿಗೆ ಸೇರಿಸಬೇಕು, ಯಾರಿಗೆ ಬೇಡ ಎಂಬುದನ್ನು ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅವರು ಎಲ್ಲರಿಗೂ ಸೇರಿಸಿಬಿಟ್ಟರು. ತಹಸೀಲ್ದಾರರಿಗೂ ರೀ, ನೀರು ಹೊರುವ ಹೆಂಗಸಿಗೂ ರೀ. ದಿಣ್ಣೆಯ ಮೇಲೆ ಎಮ್ಮೆ ಮಲಗಿದ್ದರೆ ಅದರ ಮುಂದೆ ನಿಂತು, “ಸ್ವಲ್ಪ ಆಕಡೆ ಹೋಗ್ರಿ, ವಿಮಾನ ಹಾರಬೇಕು” ಎಂದು ಬೇಡಿಕೊಳ್ಳುತ್ತಿದ್ದರು. “ಎಮ್ಮಿಗಿ ಯಾಕ್ರಿ ರೀ?” ಎಂದು ನಾನು ಕೇಳಿದರೆ, “ಎದ್ದು ಹೋಯ್ತಲ್ಲ ರೀ?” ಅನ್ನುತ್ತಿದ್ದರು. ಹೋಗಿರುತ್ತಿತ್ತು ಕೂಡ.

ವಿಮಾನವನ್ನು ಅವರು ‘ಆಕಿ’ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಹತ್ತುವ ಮೊದಲು ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈಯಿಟ್ಟು, ಮಗುವಿಗೆ ಮೈ ಬಿಸಿಯಾಗಿದೆಯೇ ನೋಡುವವರಂತೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಹಾರುವಾಗ ಮಾತ್ರ ಆ ಹೊಟ್ಟೆ, ಆ ನಗೆ ಎಲ್ಲಿ ಹೋಗುತ್ತಿತ್ತೋ! ತೊಗರಿಯ ತಲೆ ಸವರುವಷ್ಟು ಕೆಳಗೆ ಬಂದು, ಬಾವುಟದವನ ಹತ್ತಿರ ಸರ್ರನೆ ಮೇಲೇಳುತ್ತಿದ್ದರು. ಬಾವುಟದವರು ಮೊದಮೊದಲು ಬಾವುಟ ಬಿಟ್ಟು ಓಡುತ್ತಿದ್ದರು. ಆಮೇಲೆ ರೂಢಿಯಾಗಿ ಕೈ ಬೀಸುತ್ತಿದ್ದರು.

ದಿಣ್ಣೆಯ ಕೆಳಗೆ ಮಾಳವ್ವನ ಮನೆ. ಕುರಿ ಕಾಯುವ ಮನೆತನ, ಒಂದಿಷ್ಟು ಎರೆಭೂಮಿಯೂ ಇತ್ತು. ಗಂಡ ಸತ್ತ ಮೇಲೆ ಕುರಿ, ಹೊಲ, ಮಗ ಮೂರನ್ನೂ ಒಬ್ಬಳೇ ನೋಡಿಕೊಂಡ ಗಟ್ಟಿ ಹೆಂಗಸು. ನಮ್ಮ ಕ್ಯಾಂಪಿಗೆ ರೊಟ್ಟಿ ಮಾಡಿಕೊಡುತ್ತಿದ್ದವಳು ಅವಳೇ. ಮೊದಲ ದಿನ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಕಳಿಸಿದಳು. ಸಾಬರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಇದು ನಮ್ಮ ಗೋಂಗೂರ ರೀ! ಇದು ಇಲ್ಲಿ ಹೇಗೆ ಬಂತು?” ಎಂದು ಮಾಳವ್ವನ ಮನೆಗೇ ಹೊರಟರು.

ಮಾಳವ್ವ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಳು: “ನಮ್ಮ ಹೊಲದಾಗ ಬೆಳದದ್ದು ನಿಮ್ಮದು ಹ್ಯಾಂಗ ಆಗ್ತದ್ರಿ?”

“ನಮ್ಮಲ್ಲಿ ಇನ್ನೂ ಹುಳಿ ಇರುತ್ತೆ ರೀ.”

“ಹಂಗಾದ್ರ ನಿಮಗ ಮಾಡಾಕ ಬರಂಗಿಲ್ಲ.”

ಅವರಿಬ್ಬರ ಜಗಳ ದಿನಾ ನಡೆಯುತ್ತಿತ್ತು. ಒಂದು ದಿನ ನಡೆಯದಿದ್ದರೆ ಇಬ್ಬರಿಗೂ ಏನೋ ಕಳೆದಂತೆ ಆಗುತ್ತಿತ್ತು.

ಆ ಮಾಳವ್ವನ ಮಗನೇ ಶರಣಪ್ಪ. ಜಹೀರಾಬಾದಿನಲ್ಲಿ ಓದುತ್ತಿದ್ದ. ಚಳವಳಿಯಲ್ಲಿ ಕಾಲೇಜು ಮುಚ್ಚಿ ಊರಿಗೆ ಬಂದಿದ್ದ. ಹುಡುಗರನ್ನು ಕಟ್ಟಿಕೊಂಡು ರಸ್ತೆಗೆ ಬಂಡಿ ಅಡ್ಡ ನಿಲ್ಲಿಸುವುದು, ಬಸ್ಸು ತಡೆಯುವುದು ಅವನ ನಿತ್ಯದ ಕೆಲಸ. ಒಂದು ಸಂಜೆ ಮೂವರನ್ನು ಕರೆದುಕೊಂಡು ನೇರ ದಿಣ್ಣೆಗೇ ಬಂದ.

“ನಮ್ಮ ನೌಕರಿ ಎಲ್ಲಾ ನಿಮ್ಮ ಕಡಿಯವರೇ ತಿಂದಾರ. ವಿಮಾನ ಹಾರ್ಸಾಕ ಸೈತ ನಮ್ಮವರು ಸಿಗಲಿಲ್ಲೇನು? ನೀವು ವಾಪಸ್ ಹೋಗ್ರಿ.”

ಸಾಬರು ಚಹಾದ ಲೋಟ ಅವನ ಮುಂದೆ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ. ಇವರು ಹಿಡಿದ ಕೈ ಹಿಂದೆಗೆಯಲಿಲ್ಲ.

“ಹೋಗ್ತೀನಿ ರೀ. ಹುಳ ಸತ್ತ ಮೇಲೆ ಹೋಗ್ತೀನಿ. ನೀವು ಓದಿ ಪೈಲಟ್ ಆಗಿ ಬನ್ನಿ, ಕುರ್ಚಿ ಬಿಟ್ಟುಕೊಡ್ತೀನಿ. ಈಗ ಲೋಟ ಹಿಡೀರಿ, ಕೈ ಸುಡ್ತಾ ಇದೆ.”

ಶರಣಪ್ಪ ಲೋಟ ಹಿಡಿದ. ಆದರೆ ಕುಡಿಯದೆ ಕೆಳಗಿಟ್ಟು, ಹೋಗುವಾಗ ಘೋಷಣೆ ಕೂಗುತ್ತ ಹೋದ. ಇದನ್ನು ಕಂಡವರು ಬಹಳ ಜನ.

ಎರಡೋ ಮೂರೋ ದಿನ ಕಳೆದು ಬೆಳಗ್ಗೆ ಮಳೆ ಹೊಳವಾಗಿತ್ತು. ಟಾಕಿಯ ತುಂಬ ಔಷಧ ತುಂಬಿಸಿದೆವು. ಸಾಬರು ಎಂದಿನಂತೆ ಮುಚ್ಚಳದ ಮೇಲೆ ಕೈಯಿಟ್ಟು ನೋಡಿ ಹತ್ತಿದರು. ವಿಮಾನ ಓಡಿತು, ಎದ್ದಿತು, ದಿಣ್ಣೆಯ ಅಂಚು ದಾಟಿತು. ಎರಡು ತಾಳೆಮರದಷ್ಟು ಎತ್ತರಕ್ಕೆ ಹೋಗಿರಬಹುದು. ಫಟ್ಟೆಂದು ಒಂದು ಸದ್ದು. ಹಿಂದೆಯೇ ಕಡಾಯಿಯಲ್ಲಿ ಕಲ್ಲು ಉರುಳಿಸಿದಂಥ ಸದ್ದು. ಆಮೇಲೆ ಏನೂ ಇಲ್ಲ. ಗಾಳಿಯ ಸುಯ್ಯೆನ್ನುವ ದನಿ ನಾನು ನಿಂತಲ್ಲಿಗೆ ಕೇಳಿಸಿತು.

ಆಗ ಅವರಿಗೆ ಏನೇನು ಕಂಡಿತು ಎಂಬುದನ್ನು ಅವರೇ ಆಮೇಲೆ ಹೇಳಿದರು. ಹಿಂದಕ್ಕೆ ತಿರುಗಿಸುವಷ್ಟು ಎತ್ತರವಿರಲಿಲ್ಲ. ತಿರುಗಿಸಿದರೆ ಮಗುಚಿ ಬೀಳುವುದು ಖಂಡಿತ. ಎದುರಿಗೆ ಹೆಸರಿನ ಹೊಲ, ಅದರ ತುಂಬ ಕಾಯಿ ಬಿಡಿಸುವ ಹೆಂಗಸರು. ಇಂಥ ಹೊತ್ತಿಗೆಂದೇ ವಿಮಾನದಲ್ಲಿ ಒಂದು ಹಿಡಿಕೆ ಇರುತ್ತದೆ. ಎಳೆದರೆ ಔಷಧವೆಲ್ಲ ಒಮ್ಮೆಲೇ ಕೆಳಗೆ ಸುರಿದು ವಿಮಾನ ಹಗುರಾಗುತ್ತದೆ. ಹಗುರಾದರೆ ಇನ್ನಷ್ಟು ದೂರ ತೇಲಿ, ಒಳ್ಳೆಯ ಜಾಗ ಹುಡುಕಬಹುದು. ಅವರ ಕೈ ಹಿಡಿಕೆಯ ಮೇಲೇ ಇತ್ತು.

“ಆ ಹೆಂಗಸರೆಲ್ಲ ಬಾಯಿ ತೆರೆದು ಮೇಲೆ ನೋಡ್ತಿದ್ರು ರೀ. ಬಾಯಿ ತೆರೆದವರ ಮೇಲೆ ವಿಷ ಹೇಗೆ ಸುರಿಯೋದು?”

ಎಳೆಯಲಿಲ್ಲ. ಭಾರದ ವಿಮಾನ ಆ ಹೆಂಗಸರ ತಲೆಯ ಮೇಲಿಂದಲೇ ಇಳಿಯುತ್ತ ಹೋಯಿತು. ಕೊನೆಯ ಹೆಂಗಸನ್ನು ದಾಟಿದ ಮೇಲೆ ಬದುವಿನಾಚೆ ಹಿಡಿಕೆ ಎಳೆದು, ರೆಕ್ಕೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದರು. ಅಲ್ಲಿ ಹಿಂಗಾರಿ ಜೋಳಕ್ಕೆಂದು ಬಿತ್ತದೆ ಬಿಟ್ಟ ಮಾಳವ್ವನ ಎರೆಹೊಲ. ಮಳೆಗೆ ನೆನೆದು ಅಂಬಲಿಯಂತಾಗಿತ್ತು. ಗಾಲಿ ತಾಗಿದವೇ ಹೂತುಕೊಂಡವು. ಬಾಲ ಮೇಲೆದ್ದು, ವಿಮಾನ ನಿಧಾನಕ್ಕೆ, ದೊಡ್ಡ ಪ್ರಾಣಿ ಹೊರಳಿದಂತೆ, ಅಂಗಾತ ಮಲಗಿತು.

ನಾನು ಓಡಿದೆ. ಕೆಸರಿನಲ್ಲಿ ಚಪ್ಪಲಿ ಎರಡೂ ಹೋದವು. ನಾನು ಮುಟ್ಟುವಷ್ಟರಲ್ಲಿ, ಕುರಿ ಹೊಡೆದುಕೊಂಡು ಹೊರಟಿದ್ದ ಮಾಳವ್ವ ಕಳೆ ತೆಗೆಯುವ ಕುರುಪಿ ಹಿಡಿದು ವಿಮಾನದ ಕೆಳಗೆ ಕೂತಿದ್ದಳು. ಸಾಬರು ಕುರ್ಚಿಯ ಪಟ್ಟಿಯಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದರು. ಮುಖ ಕೆಂಪಗಾಗಿತ್ತು.

“ಪಟ್ಟಿ ಕೊಯ್ಯಲೇನ್ರಿ?”

“ಬೇಡ ರೀ, ಇದಕ್ಕೆ ಕೊಂಡಿ ಇದೆ. ಬಿಚ್ಚಿದರೆ ತಲೆ ಮೇಲೆ ಬೀಳ್ತೀನಿ.”

ಮಾಳವ್ವ ಹೆಗಲ ಮೇಲಿನ ಕಂಬಳಿಯನ್ನು ಮಡಿಸಿ ಅವರ ತಲೆಯ ಕೆಳಗಿಟ್ಟಳು. ನಾವಿಬ್ಬರೂ ಹೆಗಲು ಕೊಟ್ಟೆವು. ಅವರು ಕೊಂಡಿ ಬಿಚ್ಚಿದರು. ನಮ್ಮ ಮೇಲೆ ಬಿದ್ದ ಭಾರಕ್ಕೆ ಮೂವರೂ ಕೆಸರಿನಲ್ಲಿ ಕೂತೆವು. ಸಾಬರ ಬಲಗಾಲು ಪಾದದ ಸ್ವಲ್ಪ ಮೇಲೆ ಮುರಿದಿತ್ತು. ಅವರು ಮೊದಲು ಕೇಳಿದ್ದು, “ಯಾರಿಗಾದರೂ ಏನಾದರೂ ಆಯ್ತಾ?” ಎಂದು. ಯಾರಿಗೂ ಏನೂ ಆಗಿಲ್ಲ ಎಂದೆ. ಕುರಿಗೆ? ಕುರಿಗೂ ಇಲ್ಲ. ಆಗ, ಅಲ್ಲಿಯತನಕ ಒಂದು ಹನಿ ಬಾರದಿದ್ದ ಕಣ್ಣಿಂದ ನೀರು ಬಂತು.

ಆಸ್ಪತ್ರೆ ಇದ್ದದ್ದು ಜಹೀರಾಬಾದಿನಲ್ಲಿ. ರಸ್ತೆ ಬಂದ್. ಬಂದ್ ಮಾಡಿದವರೇ ಈಗ ಓಡಿ ಬಂದು ವಿಮಾನದ ಸುತ್ತ ನಿಂತಿದ್ದರು. ಶರಣಪ್ಪ ಅವ್ವನ ಮುಖ ನೋಡಿದ. ಅವಳು, “ನಿಂತು ಏನ ನೋಡ್ತಿ? ಹೊರಸು ತಾ” ಎಂದಳು. ಮಾಳವ್ವನ ಮನೆಯ ಹೊರಸು, ಹಗ್ಗದ ಮಂಚ, ಬಂತು. ಸಾಬರನ್ನು ಅದರ ಮೇಲೆ ಮಲಗಿಸಿ ನಾಲ್ವರು ಹುಡುಗರು ಎತ್ತಿದರು. ಮುಂದಿನ ಬಲಗಡೆ ಶರಣಪ್ಪ. ನಾನು ಕೊಡೆ ಹಿಡಿದು ಪಕ್ಕಕ್ಕೆ.

ಆ ಊರ ಅಡ್ಡಬಂಡಿ ಸುಲಭವಾಗಿ ದಾಟಿದೆವು. ಅದು ಹೊತ್ತ ಹುಡುಗರದೇ ತಾನೆ. ಮುಂದಿನ ಊರು ಸಮೀಪಿಸಿದಾಗ ಶರಣಪ್ಪ ಹೆಗಲು ಬದಲಿಸುತ್ತ ಹೇಳಿದ: “ಸಾಬ, ಅಲ್ಲಿ ಹುಡುಗರು ತೆಲುಗಿನವರು. ನೀವು ಬಾಯಿ ತೆಗೀಬ್ಯಾಡ್ರಿ. ನಿಮ್ಮ ಕಡಿ ತೆಲುಗು ಕೇಳಿದ್ರ ಹೊರಸು ಇಲ್ಲೇ ಇಳಸ್ತಾರ.”

ಅಲ್ಲಿ ರಸ್ತೆಗೆ ಬೇವಿನ ಮರ ಕಡಿದು ಕೆಡವಿದ್ದರು. ಕೋಲು ಹಿಡಿದ ಹುಡುಗರು ಎದ್ದು ಬಂದರು. “ಎವರು? ಎಕ್ಕಡೋಡು?” ಯಾರು, ಎಲ್ಲಿಯವನು ಎಂದು ಒಬ್ಬ ಕೇಳಿದ. ಘೋಷಣೆ ಕೂಗುವುದರಲ್ಲಿ ಎತ್ತಿದ ಕೈಯಾಗಿದ್ದ ಶರಣಪ್ಪನಿಗೆ ಆಗ ಒಂದು ಸುಳ್ಳೂ ಹೊಳೆಯಲಿಲ್ಲ. ಹುಡುಗ ಬಗ್ಗಿ ಸಾಬರನ್ನೇ ಕೇಳಿದ.

ಸಾಬರು ಮಲಗಿದಲ್ಲಿಂದಲೇ ಮುಷ್ಟಿ ಎತ್ತಿ, “ಜೈ ತೆಲಂಗಾಣ ರೀ!” ಎಂದರು.

ಹುಡುಗ ಒಂದು ಕ್ಷಣ ನೋಡಿದ. ಆಮೇಲೆ ಹಿಂದೆ ತಿರುಗಿ, “ಕನ್ನಡಾಯನ, ಪೋನೀರಾ” ಎಂದು ಕೂಗಿದ. ಕನ್ನಡದವನು, ಬಿಡಿ ಎಂದು. ಆ ಒಂದು ರೀ ಕೇಳಿ ನಮ್ಮ ಕಡೆಯವರೆಂದೇ ತಿಳಿದುಬಿಟ್ಟಿದ್ದ. ಹೊರಸನ್ನು ಮರದ ಮೇಲಿಂದ ದಾಟಿಸಲು ಅವರೂ ಕೈಹಚ್ಚಿದರು. ಜಹೀರಾಬಾದ್ ತಲುಪುವವರೆಗೆ ಅಂಥ ತಡೆಗಳು ಇನ್ನೆರಡು ಸಿಕ್ಕವು. ಸಾಬರು ದೂರದಿಂದಲೇ ಮುಷ್ಟಿ ಎತ್ತಿ ತಯಾರಾಗಿರುತ್ತಿದ್ದರು. ಕಡೆಯದರಲ್ಲಿ ಅವರ ದನಿ ನಮ್ಮೆಲ್ಲರ ದನಿಗಿಂತ ಜೋರಾಗಿತ್ತು. ಹೊರಸು ಹೊತ್ತವರು ನಕ್ಕು ನಕ್ಕು ಅದನ್ನು ಕೆಳಗಿಳಿಸಿ ದಣಿವಾರಿಸಿಕೊಳ್ಳಬೇಕಾಯಿತು.

ಆಸ್ಪತ್ರೆಯಲ್ಲಿ ನಾನು ಕೇಳಿದೆ: “ಜೈ ತೆಲಂಗಾಣ ಅಂತ ಖರೇನ ಅಂದ್ರೇನು, ಸುಮ್ಮ ಅಂದ್ರೇನು?”

“ಹೊತ್ತವರು ನಾಲ್ಕು ಜನ ಬೇಕು ಅಂತಿದ್ದಾರೆ. ಮೇಲೆ ಮಲಗಿರೋ ಒಬ್ಬ ಬೇಡ ಅನ್ನೋದು ಸರಿಯಲ್ಲ ರೀ.”

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಲಿಗೆ ಪಟ್ಟಿ ಹಾಕಿ ನಾಲ್ಕು ದಿನವೂ ಆಗಿರಲಿಲ್ಲ, ಮಾಳವ್ವ ರೊಟ್ಟಿಯ ಗಂಟಿನೊಂದಿಗೆ ಆಸ್ಪತ್ರೆಗೆ ಬಂದಳು. ಗಂಟನ್ನು ಬಿಚ್ಚದೆ ಹಾಗೇ ಕೈಯಲ್ಲಿ ಹಿಡಿದು ನಿಂತಳು.

“ಶರಣ್ಯಾನ್ನ ಪೊಲೀಸರು ಒಯ್ದಾರ್ರಿ. ಉಳದ ಮೂವರನ್ನೂ. ವಿಮಾನ ಕೆಡಸಾಕ ಎಂಜಿನ್ನಿನಾಗ ಸಕ್ರಿ ಹಾಕ್ಯಾರಂತ. ಅಂದು ಸಂಜಿಕ ದಿಣ್ಣಿಗಿ ಬಂದು ಜಗಳ ತಗದಾರಲ್ಲ, ಅದಕ್ಕ.”

ಸಾಬರು ರೊಟ್ಟಿಯ ಕಡೆ ನೋಡಲಿಲ್ಲ. ಹಾಗೆ ನೋಡದೆ ಇದ್ದದ್ದು ಅದೊಂದೇ ಸಲ. ಡಾಕ್ಟರು ಬೇಡವೆಂದರೂ ಕೇಳದೆ ನನ್ನ ಹೆಗಲು ಹಿಡಿದು ಠಾಣೆಗೆ ಹೋದರು. ಇನ್ಸ್‌ಪೆಕ್ಟರ್ ಕೆಟ್ಟವನೇನಲ್ಲ, ಮೇಲಿನವರಿಗೆ ಉತ್ತರ ಹೇಳಬೇಕಾದವನು. “ಇವರಲ್ಲ ಅಂತ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದ. ಸಾಬರು, “ನನಗೂ ಗೊತ್ತಿಲ್ಲ ರೀ. ಎಂಜಿನ್ನಿಗೆ ಗೊತ್ತಿದೆ. ನಮ್ಮ ಮೆಕ್ಯಾನಿಕ್ ಬರ್ತಾನೆ. ನಿಮ್ಮ ಎದುರಿಗೇ ಬಿಚ್ಚಿಸ್ತೀನಿ, ಬನ್ನಿ” ಎಂದರು.

ಮೆಕ್ಯಾನಿಕ್ ಹೈದರಾಬಾದಿನಿಂದ ಬಂದ ದಿನ ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ ಸಾಬರನ್ನು ಕರೆದೊಯ್ದೆ. ದಾರಿಯಲ್ಲಿ ಮೆಲ್ಲಗೆ ಕೇಳಿದೆ: “ಸಾಬ, ಸಕ್ರಿ ಸಿಕ್ಕರ?”

ಅವರು ಪಟ್ಟಿ ಹಾಕಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಹುಲ್ಲಿನ ಮೇಲೆ ಸರಿಮಾಡಿಕೊಂಡರು.

“ಸಿಕ್ಕರೆ ಸಿಕ್ಕಿತು ಅಂತಲೇ ಹೇಳ್ತೀನಿ. ನಾಳೆ ಇನ್ನೊಬ್ಬ ಹಾರಬೇಕು, ಸುಳ್ಳು ಹೇಳಕ್ಕಾಗಲ್ಲ. ಆದರೆ ಸಿಗಲ್ಲ ರೀ. ಆ ಹುಡುಗ ಹೆಗಲು ಬದಲಿಸುವಾಗಲೆಲ್ಲ ನನ್ನ ಕಾಲು ಅಲುಗಬಾರದು ಅಂತ ಇನ್ನೊಂದು ಕೈ ಕೊಡ್ತಿದ್ದ. ತಾನೇ ಬೀಳಿಸಿದವನನ್ನು ಯಾರೂ ಹಾಗೆ ಹೊರಲ್ಲ.”

ಮಾಳವ್ವನ ಹೊಲದ ಬದುವಿನ ಮೇಲೆ ಊರಿಗೆ ಊರೇ ಕೂತಿತ್ತು. ಇನ್ಸ್‌ಪೆಕ್ಟರ್ ನಾಲ್ವರು ಹುಡುಗರನ್ನೂ ಕರೆತಂದಿದ್ದ. ಮೆಕ್ಯಾನಿಕ್ ಮೊದಲು ಪೆಟ್ರೋಲ್ ಸೋಸುವ ಜಾಳಿಗೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಝಾಡಿಸಿದ. ಏನೂ ಬೀಳಲಿಲ್ಲ. ಟಾಕಿಯಲ್ಲಿ ಉಳಿದ ಪೆಟ್ರೋಲನ್ನು ಶೀಶೆಗೆ ಹಿಡಿದು ಬಿಸಿಲಿಗೆ ತೋರಿಸಿದ. ತಿಳಿಯಾಗಿತ್ತು. ಮಾಳವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಆಮೇಲೆ ಎಂಜಿನ್ನನ್ನೇ ಬಿಚ್ಚುತ್ತ ಹೋದ. ಬಿಸಿಲು ಏರಿತು. ಕೊನೆಗೆ ಒಂದು ಸಿಲಿಂಡರಿನ ಒಳಗೆ ಕೈಹಾಕಿ, ಅಣಬೆಯ ತಲೆಯಂಥ ಒಂದು ಉಕ್ಕಿನ ತುಂಡನ್ನು ತೆಗೆದು ಇನ್ಸ್‌ಪೆಕ್ಟರನ ಅಂಗೈ ಮೇಲಿಟ್ಟ. ವಾಲ್ವಿನ ತಲೆ. ತುಂಡಾಗಿ ಒಳಗೆ ಬಿದ್ದು ಎಲ್ಲವನ್ನೂ ಜಜ್ಜಿ ಹಾಕಿತ್ತು.

“ಇದನ್ನ ಯಾರಾದರೂ ಮುರಿಯಬಹುದಾ?” ಎಂದ ಇನ್ಸ್‌ಪೆಕ್ಟರ್.

“ಮುರಿಯಬಹುದು ರೀ. ನಾನು ಹಾರುವಾಗ ಸುತ್ತಿಗೆ ಹಿಡಿದು ಎಂಜಿನ್ ಒಳಗೆ ಕೂತಿದ್ದರೆ.”

ಇನ್ಸ್‌ಪೆಕ್ಟರನೂ ನಕ್ಕುಬಿಟ್ಟ. ಸಂಜೆಗೆ ಹುಡುಗರು ಮನೆಯಲ್ಲಿದ್ದರು. ಶರಣಪ್ಪ ನೇರ ಸಾಬರ ಬಳಿ ಬಂದು ನಿಂತ. ಧನ್ಯವಾದ ಹೇಳಲು ಬಂದವನು ಅದನ್ನು ಹೇಳಲಾರದೆ, “ಚಳವಳಿ ಮಾತ್ರ ಬಿಡಂಗಿಲ್ಲ ನೋಡ್ರಿ” ಎಂದ.

“ಬಿಡಬೇಡಿ ರೀ. ನಾನೇನು ವಿಮಾನ ಬಿಟ್ಟೆನಾ?”

ಅವನು ಆ ದಿನ ಚಹಾ ಕುಡಿದ. ಅವರಿಬ್ಬರ ಸ್ನೇಹ ಅಲ್ಲಿಂದ ಸಾಬರು ಸಾಯುವವರೆಗೆ ನಡೆಯಿತು. ಒಬ್ಬರು ಮತ್ತೊಬ್ಬರ ಅಭಿಪ್ರಾಯವನ್ನು ಒಂದು ಕೂದಲಷ್ಟೂ ಬದಲಿಸಲಿಲ್ಲ.

ಹೊಲ ಆರಿದ ಮೇಲೆ ವಿಮಾನದ ರೆಕ್ಕೆ ಬಿಚ್ಚಿ ಬಂಡಿಗಳ ಮೇಲೆ ಹೇರಿ ದಿಣ್ಣೆಗೆ ಸಾಗಿಸಿದೆವು. ಹಲಗೆ ಬಾರಿಸುವವರು ಯಾರೂ ಕರೆಯದೆ ಬಂದರು. ಹೊಸ ಎಂಜಿನ್ ಬಂದು, ಎಲ್ಲ ಜೋಡಿಸಿ ಮುಗಿಸುವಷ್ಟರಲ್ಲಿ ಚಳಿಗಾಲ ಬಂದಿತ್ತು. ಒಯ್ಯಲು ಬೇರೆ ಪೈಲಟ್ ಬರುತ್ತಾನೆ ಅಂದುಕೊಂಡಿದ್ದೆವು. ಬಂದವರು ಸಾಬರೇ. ಸೊರಗಿದ್ದರು, ಸಣ್ಣಗೆ ಕುಂಟುತ್ತಿದ್ದರು. ತಾವೇ ಕೇಳಿಕೊಂಡು ಬಂದಿದ್ದರು.

ಆ ಬೆಳಗ್ಗೆ ಅವರು ವಿಮಾನದ ಸುತ್ತ ಒಂದು ಸುತ್ತು ಬಂದರು. ಮತ್ತೆ ಬಂದರು. ನೆಟ್ಟು ಬಿಗಿಯಾಗಿದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ, ಅವನು ಹೇಳಿದ ಮೇಲೂ ಮತ್ತೆ ಕೇಳಿದರು. ಗಾಳಿ ನೋಡಿದರು. ಗಾಳಿ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು.

“ಭಯ ಆಗ್ತಿದೆ ರೀ. ಇಷ್ಟು ವರ್ಷ ಆಗಿರಲಿಲ್ಲ. ಇವತ್ತು ಇಲ್ಲಿಂದ ಏಳದೆ ಹೋದರೆ ಇನ್ನೆಲ್ಲಿಂದಲೂ ಏಳೋದಿಲ್ಲ.”

ಅಷ್ಟರಲ್ಲಿ ಮಾಳವ್ವ ಕುರಿಗಳನ್ನು ಕೆಳಗೆ ಬಿಟ್ಟು ಏದುತ್ತ ದಿಣ್ಣೆ ಹತ್ತಿ ಬಂದಳು.

“ಯಾಕ್ರಿ ಸಾಬ, ಹೊತ್ತು ಏರಿತು, ಇನ್ನಾ ಇಲ್ಲೇ ಇದ್ದೀರಿ? ನೋಡ್ರಿ, ನಿಮ್ಮ ಔಷಧ ಕುಡದು ನನ್ನ ಜ್ವಾಳ ಎದಿಮಟ ಬಂದದ. ಈ ಸಲ ಬೀಳೋದಿದ್ರ ಗೌಡರ ಹೊಲದಾಗ ಬೀಳ್ರಿ.”

ಸಾಬರು ನಗಲು ಶುರುಮಾಡಿದರು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗುತ್ತಲೇ ಹತ್ತಿ ಕೂತು ಪಟ್ಟಿ ಬಿಗಿದುಕೊಂಡರು. ಎಂಜಿನ್ ಕೂಗಿತು. ಕೆಂಪು ಧೂಳೆಬ್ಬಿಸುತ್ತ ವಿಮಾನ ಓಡಿತು, ಎದ್ದಿತು, ದಿಣ್ಣೆಯ ಅಂಚು ದಾಟಿತು. ಹೆಸರಿನ ಹೊಲ ದಾಟಿತು. ಜೋಳದ ಹೊಲ ದಾಟಿತು. ಸದ್ದು ನಿಲ್ಲಲಿಲ್ಲ. ಬರಬರುತ್ತ ಸಣ್ಣದಾಗಿ ಹೈದರಾಬಾದಿನ ದಿಕ್ಕಿಗೆ ಹೋಯಿತು.

ಶರಣಪ್ಪ ಇನ್ನೂ ಕೈ ಬೀಸುತ್ತಿದ್ದ. ಮಾಳವ್ವ ಮಾತ್ರ ಮುಖ ಗಂಟಿಕ್ಕಿಕೊಂಡು, “ಒಂದು ಸುತ್ತ ಹಾಕಿ ನಮ್ಮನ್ನ ನೋಡಿ ಹೋಗಬಾರದೇನು? ಹಂಗೇ ಹೋದರಲ್ಲ” ಎಂದಳು.

“ಹೊಸ ಎಂಜಿನ್ ಅದವ್ವಾ. ಅಷ್ಟು ಕೆಳಗ ತಿರುಗಿಸಬಾರದು, ನಡುವ ನಿಂತ್ರ ಮಗಚಿ ಬೀಳ್ತದ” ಎಂದೆ.

ಅವಳು ಸದ್ದು ಹೋದ ಕಡೆ ಇನ್ನೊಮ್ಮೆ ಕಿವಿಗೊಟ್ಟು ಕೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಂಗಾದ್ರ ಚಲೋ ಮಾಡ್ಯಾರ” ಎಂದಳು. “ಬಿದ್ದ ಮ್ಯಾಲ ಶ್ಯಾಣ್ಯಾ ಆಗ್ಯಾರ.”